ಬೋರ್‌ವೆಲ್ ನೀರಿದ್ದರೂ ಮೋಲಿ ಮೀನುಗಳು ನಡುಗುತ್ತಿವೆ, ಉಪ್ಪು ಹಾಕಿದರೂ ಸರಿಹೋಗಿಲ್ಲ. ಏನು ಮಾಡಲಿ?

ಹೊಸಮನೆ_ಸುಮಾ
ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಿನಲ್ಲಿ ಬರೆಯುತ್ತಿದ್ದೇನೆ. ನನ್ನದು 2 ಅಡಿ ಟ್ಯಾಂಕ್, ನೀರು ಹೆಚ್ಚುಕಡಿಮೆ 50 ಲೀಟರ್. 7 ಕಪ್ಪು ಮೋಲಿ, ನೆಲ ಕೆದಕುವ ಕೋರಿ ಮೀನು 4 ಇದ್ದವು. ಮಲ್ಲೇಶ್ವರದ ಬಾಡಿಗೆ ಮನೆಯಲ್ಲಿ ಕಾವೇರಿ ನೀರಿನಲ್ಲಿ ಎರಡು ವರ್ಷ ಆರಾಮಾಗಿದ್ದವು. ಮರಿ ಕೂಡ ಹಾಕಿದ್ದವು. ಎರಡು ತಿಂಗಳ ಹಿಂದೆ ಥಣಿಸಂದ್ರ ಕಡೆ ಅಪಾರ್ಟ್‌ಮೆಂಟಿಗೆ ಬಂದೆವು. ಇಲ್ಲಿ ಪೂರ್ತಿ ಬೋರ್‌ವೆಲ್. ಹಳೇ ನೀರು ಒಂದೇ ಬಕೆಟ್ ತಂದೆ, ಉಳಿದದ್ದೆಲ್ಲ ಇಲ್ಲಿನ ನಲ್ಲಿಯದು.

ಬಂದು ಮೂರು ವಾರಕ್ಕೆ ಶುರುವಾಯಿತು. ಮೋಲಿ ಮುಂದಕ್ಕೆ ಹೋಗುವುದೇ ಇಲ್ಲ. ನಿಂತಲ್ಲೇ ನಿಂತು ಮೈಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತದೆ. ಬಾಲ ಮುದುರಿ ಕಡ್ಡಿ ಥರ ಆಗಿದೆ. ಊಟ ಹಾಕಿದರೆ ಮೇಲೆ ಬರುತ್ತವೆ, ಒಂದು ತುಣುಕು ಬಾಯಿಗೆ ಹಾಕಿಕೊಂಡು ಉಗುಳುತ್ತವೆ, ಮತ್ತೆ ಮೂಲೆ ಸೇರುತ್ತವೆ.

ಅಂಗಡಿಯವರು "ಮೋಲಿಗೆ ಉಪ್ಪು ಬೇಕೇ ಬೇಕು, ಕಲ್ಲುಪ್ಪು ಹಾಕಿ" ಅಂದರು. ಅಂದಿನಿಂದ ಪ್ರತಿ ಭಾನುವಾರ 10 ಲೀಟರ್ ನೀರು ಬದಲಿಸುವಾಗ 4 ಟೀ ಚಮಚ ಹಾಕುತ್ತಿದ್ದೇನೆ. 5 ಭಾನುವಾರ ಆಯಿತು. ಎರಡು ಮೋಲಿ ಸತ್ತವು. ಕೋರಿಗಳೂ ಮಂಕಾಗಿವೆ.

ನನಗೆ ಅರ್ಥವಾಗದ್ದು ಒಂದೇ. ಬೋರ್ ನೀರು ಅಂದ್ರೆ ಮೊದಲೇ ಉಪ್ಪು ನೀರು ಅಲ್ವಾ? ಮೋಲಿಗೆ ಅದೇ ಇಷ್ಟ ಅಂತಾರೆ. ಮತ್ತೆ ಯಾಕೆ ಹೀಗೆ? ನೀರಿನಲ್ಲಿ ಕರಗಿದ್ದು ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಇಟ್ಟು ನೋಡಿದೆ. ನಲ್ಲಿಯಲ್ಲಿ 790, ಟ್ಯಾಂಕಿನಲ್ಲಿ 2,200.

ಮೀನಿನ_ಮಾವ
ಉಪ್ಪು ಸಾಲದು ಅನ್ನಿಸುತ್ತದೆ ಸುಮಾ. 1994ರಿಂದ ಮೋಲಿ ಸಾಕುತ್ತಿದ್ದೇನೆ, ಉಪ್ಪಿಲ್ಲದೆ ಇಟ್ಟದ್ದು ಬಹಳ ಕಡಿಮೆ. 5 ಲೀಟರಿಗೆ ಒಂದು ಚಮಚ ನನ್ನ ಲೆಕ್ಕ. ಮೋಲಿ ಸಮುದ್ರದ ಅಂಚಿನ ಮೀನು, ಅದು ಮರೆಯಬಾರದು.

ಗಿಡಗಂಟಿ
2,200 ಅಂದ್ರೆ ಉಪ್ಪು ಸಾಲದೇ? ಮಾವ, ಒಂದು ಸಲ ಲೆಕ್ಕ ಹಾಕಿ ನೋಡಿ. ವಾರಕ್ಕೆ 10 ಲೀಟರ್ ತೆಗೆದರೆ ಹೋಗುವುದು ಉಪ್ಪಿನ ಐದನೇ ಒಂದು ಭಾಗ ಮಾತ್ರ. ಹಾಕುವುದು ಪೂರ್ತಿ 4 ಚಮಚ. ಮೊದಲ ವಾರ 4, ಎರಡನೇ ವಾರ 7, ಮೂರನೇ ವಾರ ಹತ್ತರ ಹತ್ತಿರ. ಐದನೇ ವಾರಕ್ಕೆ 13 ಚಮಚದ ಮೇಲಾಗುತ್ತದೆ. ಚಮಚಕ್ಕೆ 5-6 ಗ್ರಾಂ ಹಿಡಿದರೂ ಲೀಟರಿಗೆ ಒಂದೂವರೆ ಗ್ರಾಂ ಆಯಿತು. ಮೀಟರ್ ತೋರಿಸುತ್ತಿರುವುದು ಅದನ್ನೇ.

ಸುಮಾ, ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಒಮ್ಮೆ ಹಾಕಿದ್ದು ನೀವು ಬಕೆಟ್ಟಿನಲ್ಲಿ ಹೊರಗೆ ಚೆಲ್ಲುವ ತನಕ ಒಳಗೇ ಇರುತ್ತದೆ. ಟ್ಯಾಂಕಿನಲ್ಲಿ ಗಿಡ ಇದೆಯಾ?

ಹೊಸಮನೆ_ಸುಮಾ
ವ್ಯಾಲಿಸ್ನೇರಿಯಾ ಇತ್ತು. ಎಲೆಗಳು ಕರಗಿ ಗಾಜಿನ ಥರ ಆಗಿ ಹೋದವು. ಅದಕ್ಕೂ ಉಪ್ಪೇ ಕಾರಣವಾ?

ಗಿಡಗಂಟಿ
ಬಹುಪಾಲು ಅದೇ. ಉಪ್ಪು ಏರುತ್ತಾ ಹೋದರೆ ಮೊದಲು ಸೋಲುವುದು ಗಿಡ, ಆಮೇಲೆ ಕೋರಿ. ಕೋರಿಗಳಿಗೆ ಬೇರೆ ಮೀನಿನ ಥರ ಚಿಪ್ಪಿಲ್ಲ, ಉಪ್ಪಿನ ವಿಷಯದಲ್ಲಿ ನಾಜೂಕು. ಮೊದಲು ಅವನ್ನು ಬೇರೆ ಟಬ್ಬಿಗೆ ಹಾಕಿ.

ಕೋಲಾರ_ಸಿಕ್ಲಿಡ್
ಹೀಟರ್ ಇದೆಯಾ ಮೇಡಂ? ಚಳಿಗಾಲದಲ್ಲಿ ಬೆಂಗಳೂರಿನ ಟ್ಯಾಂಕ್ ರಾತ್ರಿ 20ಕ್ಕೆ ಇಳಿಯುತ್ತದೆ. ಮೋಲಿ ಅದಕ್ಕೂ ಹೀಗೆ ನಡುಗುತ್ತದೆ.

ಹೊಸಮನೆ_ಸುಮಾ
ಇದೆ. ಬೆಳಿಗ್ಗೆ ನೋಡಿದರೂ 26 ತೋರಿಸುತ್ತದೆ.

ಲ್ಯಾಬ್_ಶಿವು
ನಾನು ನೀರು ಪರೀಕ್ಷೆಯ ಕೆಲಸದಲ್ಲಿರುವವನು. ಇಲ್ಲಿ ಎರಡು ಬೇರೆ ಬೇರೆ ಸಂಗತಿ ಒಂದರ ಮೇಲೊಂದು ಬಿದ್ದಿವೆ, ಬಿಡಿಸಿ ಹೇಳುತ್ತೇನೆ.

ನಮ್ಮ ಮಾತಿನಲ್ಲೇ ಒಂದು ಗೊಂದಲ ಇದೆ. ಸೋಪು ನೊರೆ ಬರದಿದ್ದರೆ, ಬೇಳೆ ಬೇಯದಿದ್ದರೆ, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟಿದರೆ ನಾವು "ಉಪ್ಪು ನೀರು" ಅನ್ನುತ್ತೇವೆ. ಆದರೆ ಆ ನೀರಿನಲ್ಲಿ ಜಾಸ್ತಿ ಇರುವುದು ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅದನ್ನು ಗಡಸು ಅಂತ ಕರೆಯಬೇಕು. ಅಡುಗೆ ಉಪ್ಪು ಅಂದ್ರೆ ಸೋಡಿಯಂ ಕ್ಲೋರೈಡ್. ಅದನ್ನು ಒಂದು ಕೆಜಿ ಸುರಿದರೂ ನೀರಿನ ಗಡಸು ಒಂದು ಗೆರೆಯೂ ಏರುವುದಿಲ್ಲ. ಮೋಲಿ, ಗಪ್ಪಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇವುಗಳಿಗೆ "ಉಪ್ಪು ನೀರು ಬೇಕು" ಅಂತ ಕೇಳಿದಾಗ ಅರ್ಥ ಮಾಡಿಕೊಳ್ಳಬೇಕಾದದ್ದು ಗಡಸು ನೀರು ಬೇಕು ಅಂತ.

ಟಿಡಿಎಸ್ ಮೀಟರಿಗೆ ಈ ಭೇದ ಗೊತ್ತಿಲ್ಲ. ಕರಗಿದ್ದು ಏನಿದ್ದರೂ ವಿದ್ಯುತ್ ಹರಿಯುವುದನ್ನು ನೋಡಿ ಒಂದು ಅಂಕಿ ಹೇಳುತ್ತದೆ. 790ರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಅಂತ ಹೇಳುವುದಿಲ್ಲ. ಸುಮಾ ಅವರೇ, ಜಿಎಚ್ (ಅಂದ್ರೆ ಗಡಸಿನ ಅಳತೆ) ಮತ್ತು ಕೆಎಚ್ ನೋಡುವ ಹನಿ ಕಿಟ್ ಇದೆಯಾ? ಎಷ್ಟನೇ ಹನಿಗೆ ಬಣ್ಣ ಬದಲಾಗುತ್ತದೋ ಅಷ್ಟು ಡಿಗ್ರಿ. ಇಲ್ಲದಿದ್ದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಈಗಿನ ಮನೆಯಲ್ಲಿ ಸ್ನಾನ ಮಾಡುವಾಗ ಸೋಪು ಹೇಗಿರುತ್ತದೆ?

ಹೊಸಮನೆ_ಸುಮಾ
ಕಿಟ್ ಇಲ್ಲ, ನಾಳೆಯೇ ತರಿಸುತ್ತೇನೆ. ಸೋಪಿನ ವಿಷಯ ಸರಿಯಾಗಿ ಕೇಳಿದಿರಿ! ನೊರೆ ಚೆನ್ನಾಗಿ ಬರುತ್ತದೆ. ಎಷ್ಟು ನೀರು ಸುರಿದುಕೊಂಡರೂ ಮೈ ಜಾರುತ್ತಲೇ ಇರುತ್ತದೆ, ಸೋಪು ಹೋಗಿಲ್ಲವೇನೋ ಅನ್ನಿಸುತ್ತದೆ. ನಲ್ಲಿ ಮೇಲೆ ಬಿಳಿ ಕಲೆ ಕೂಡ ಅಷ್ಟಾಗಿ ಇಲ್ಲ. ಬೋರ್ ನೀರು ಅಂತ ಹೆದರಿದ್ದೆವು, ಪರವಾಗಿಲ್ಲ ಚೆನ್ನಾಗಿದೆ ಅಂದುಕೊಂಡೆವು. ಇನ್ನೊಂದು ವಿಷಯ. ಇಲ್ಲಿ ಪ್ರತಿ ತಿಂಗಳು ಪಂಪ್ ರೂಮಿಗೆ ಉಪ್ಪಿನ ಮೂಟೆ ಬರುತ್ತದೆ. ನೀರಿಗೆ ಇವರೇ ಉಪ್ಪು ಹಾಕುತ್ತಿದ್ದಾರಾ?

ಲ್ಯಾಬ್_ಶಿವು
ಸಿಕ್ಕಿತು! ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟನರ್ ಇದೆ.

ಸಾಫ್ಟನರ್ ಒಳಗೆ ಸಾಸಿವೆ ಗಾತ್ರದ ರೆಸಿನ್ ಮಣಿಗಳಿರುತ್ತವೆ. ಗಡಸು ನೀರು ಅದರ ಮೂಲಕ ಹಾಯುವಾಗ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪಿನ ನೀರು ಹಾಯಿಸಿ ತೊಳೆದು ಮತ್ತೆ ತಯಾರು ಮಾಡುತ್ತಾರೆ. ಆ ತೊಳೆದ ನೀರು ಮೋರಿಗೆ ಹೋಗುತ್ತದೆ. ಮೂಟೆ ಬರುವುದು ಅದಕ್ಕೆ. ನಿಮ್ಮ ನಲ್ಲಿಗೆ ಉಪ್ಪು ಸುರಿಯುತ್ತಿಲ್ಲ.

ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಂಡದ್ದರಿಂದ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೀಟರ್ ನೋಡಿದರೆ "ಗಟ್ಟಿ ಬೋರ್ ನೀರು" ಅನ್ನಿಸುತ್ತದೆ. ನಿಜವಾಗಿ ಅದರಲ್ಲಿ ಮೋಲಿಗೆ ಬೇಕಾದ ಕ್ಯಾಲ್ಸಿಯಂ ಬಹುತೇಕ ಇಲ್ಲ. ಕಿಟ್ ಬಂದಾಗ ನೋಡಿ. ಜಿಎಚ್ 1 ಅಥವಾ 2 ಬರುತ್ತದೆ, ಕೆಎಚ್ ಹತ್ತರ ಮೇಲೆ ಇರುತ್ತದೆ. ಕೆಎಚ್ ಅನ್ನುವುದು ಬೈಕಾರ್ಬನೇಟಿನ ಅಳತೆ. ಸಾಫ್ಟನರ್ ಅದನ್ನು ಮುಟ್ಟುವುದಿಲ್ಲ. ಕೆಎಚ್ ಜಿಎಚ್‌ಗಿಂತ ತುಂಬಾ ಮೇಲಿದ್ದರೆ ಮನೆಯಲ್ಲಿ ಸಾಫ್ಟನರ್ ಇದೆಯೇ ಅಂತ ಮೊದಲು ಕೇಳಬೇಕು.

ಮೀನಿನ_ಮಾವ
ಒಪ್ಪುತ್ತೇನೆ ಶಿವು, ಆದರೆ ಒಂದು ಮಾತು. ನನ್ನ ಮೋಲಿಗಳು 30 ವರ್ಷದಿಂದ ಉಪ್ಪಿನಲ್ಲೇ ಚೆನ್ನಾಗಿವೆ. ಉಪ್ಪು ನಿಲ್ಲಿಸಿದಾಗಲೆಲ್ಲ ನಡುಗು ಬಂದಿದೆ. ಇದು ನಾನು ಕಣ್ಣಾರೆ ಕಂಡದ್ದು. ಉಪ್ಪಿಗೂ ಮೋಲಿಗೂ ಸಂಬಂಧವೇ ಇಲ್ಲ ಅಂತ ಹೇಗೆ ಹೇಳುವುದು?

ಲ್ಯಾಬ್_ಶಿವು
ಸಂಬಂಧ ಇದೆ ಮಾವ. ನೀವು ಕಂಡದ್ದು ಸುಳ್ಳಲ್ಲ. ನಿಮ್ಮದು ಯಾವ ನೀರು?

ಮೀನಿನ_ಮಾವ
ಜಯನಗರ. ಮೊದಲಿನಿಂದಲೂ ಕಾವೇರಿ.

ಲ್ಯಾಬ್_ಶಿವು
ಅದೇ ಕಾರಣ. ಕಾವೇರಿ ನೀರು ಅಷ್ಟು ಗಡಸಲ್ಲ. ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿದರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ ಅಲ್ವಾ? ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹರಿಯುತ್ತದೆ. ಸಿಹಿನೀರಿನ ಮೀನಿಗೆ ಇದು ಉಲ್ಟಾ. ಮೈಯೊಳಗೆ ಉಪ್ಪು ಜಾಸ್ತಿ, ಹೊರಗೆ ಕಡಿಮೆ. ಕಿವಿರಿನ ಮೂಲಕ ನೀರು ಇಡೀ ದಿನ ಒಳಗೆ ನುಗ್ಗುತ್ತಿರುತ್ತದೆ, ಒಳಗಿನ ಉಪ್ಪು ಹೊರಗೆ ಸೋರುತ್ತಿರುತ್ತದೆ. ಮೀನು ನೀರನ್ನು ಮೂತ್ರವಾಗಿ ಹೊರಹಾಕುತ್ತಾ, ಕಿವಿರಿನ ಕೆಲವು ಕೋಶಗಳಿಂದ ಉಪ್ಪನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತಾ ಬದುಕುತ್ತದೆ. ಒಂದು ಕ್ಷಣ ಬಿಡುವಿಲ್ಲದ ಕೆಲಸ.

ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕಿವಿರಿನ ಪೊರೆಯನ್ನು ಬಿಗಿಯಾಗಿಡುತ್ತದೆ, ಸೋರಿಕೆ ಕಡಿಮೆಯಾಗುತ್ತದೆ. ಮೋಲಿಯ ಮೈ ಅಂಥ ನೀರಿಗೆ ಒಗ್ಗಿದ್ದು. ಮೆಕ್ಸಿಕೋದ ಯುಕಟಾನ್ ಕಡೆ ಸುಣ್ಣಕಲ್ಲಿನ ನೆಲದ ನೀರಿನಲ್ಲೂ ಕರಾವಳಿಯ ಹಿನ್ನೀರಿನಲ್ಲೂ ಇರುವ ಜಾತಿಗಳವು. ಮೆದು ನೀರಿಗೆ ಹಾಕಿದರೆ ಸೋರಿಕೆ ತಡೆಯಲಾರದೆ ನಡುಗುತ್ತದೆ. ಆಗ ನೀವು ಉಪ್ಪು ಹಾಕಿದರೆ ಒಳಗೂ ಹೊರಗೂ ಇರುವ ಅಂತರ ಕಡಿಮೆಯಾಗುತ್ತದೆ, ಮೀನಿಗೆ ಉಸಿರು ಬಂದ ಹಾಗಾಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಆದದ್ದು ಇದು. ಉಪ್ಪು ಅಲ್ಲಿ ಊರುಗೋಲು. ಗಡಸು ಸರಿಯಿದ್ದರೆ ಆ ಊರುಗೋಲು ಬೇಕಾಗುವುದಿಲ್ಲ.

ಮೀನಿನ_ಮಾವ
ಈ ಥರ ಯಾರೂ ಹೇಳಿರಲಿಲ್ಲ. ನಾನೂ ಒಂದು ಕಿಟ್ ತಂದು ನೋಡುತ್ತೇನೆ. ಆದರೂ ಉಪ್ಪಿನ ಡಬ್ಬ ಎಸೆಯುವುದಿಲ್ಲ.

ಲಂಡನ್_ಕನ್ನಡತಿ
ನಾನು ಇಲ್ಲಿ ಸಾಕ್ಷಿ ಹೇಳಬಹುದು. ಲಂಡನ್ನಿನ ನಲ್ಲಿ ನೀರು ಬಹಳ ಗಡಸು. ಟೀ ಕೆಟಲ್ಲಿನಲ್ಲಿ ಎರಡು ವಾರಕ್ಕೆ ಬಿಳಿ ಹೊಪ್ಪಳೆ ಏಳುತ್ತದೆ, ಟೀ ಮೇಲೆ ಕೆನೆಯ ಹಾಗೆ ಪೊರೆ. ಕ್ಲೋರಿನ್ ತೆಗೆಯುವ ಔಷಧಿ ಬಿಟ್ಟು ಬೇರೇನೂ ಹಾಕುವುದಿಲ್ಲ. ಉಪ್ಪು ಒಂದು ಹರಳೂ ಇಲ್ಲ. ಮೋಲಿ, ಗಪ್ಪಿ ಎರಡೂ ಮರಿ ಹಾಕಿ ಹಾಕಿ ಕೊಡಲು ಜನ ಹುಡುಕಬೇಕಾಗಿದೆ. ಅದೇ ನೀರಿನಲ್ಲಿ, ಮೆದು ನೀರು ಬೇಡುವ ಕಾರ್ಡಿನಲ್ ಟೆಟ್ರಾ ಮೀನು ಎರಡು ಸಲ ತಂದು ಎರಡು ಸಲವೂ ಕಳೆದುಕೊಂಡೆ. ಸಮಾಧಾನವೇ ಆಗಲಿಲ್ಲ.

ಕುಡ್ಲದ_ಹುಡುಗ
ನಮ್ಮಲ್ಲಿ ಪೂರಾ ಉಲ್ಟಾ ಮಾರಾಯ್ರೆ. ಮಂಗಳೂರಿನ ಮುರಕಲ್ಲಿನ ಬಾವಿ ನೀರು. ಪಿಎಚ್ ಆರರ ಕೆಳಗೆ, ಜಿಎಚ್ ಒಂದು ಹನಿಗೇ ಬಣ್ಣ ಬದಲು. ಟೆಟ್ರಾ, ರಾಸ್ಬೋರಾ, ಬೆಟ್ಟಾ ಎಲ್ಲ ಖುಷಿಯಲ್ಲಿ ಉಂಟು. ಮೋಲಿ ಮಾತ್ರ ಇಡಲಿಕ್ಕೆ ಆಗುತ್ತಿರಲಿಲ್ಲ. ಆಮೇಲೆ ಮರುವಾಯಿ ಚಿಪ್ಪು ತೊಳೆದು, ಕುದಿಸಿ, ಪುಡಿ ಮಾಡಿ, ಹಳೇ ಕಾಲುಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟೆ. ಮೂರು ವಾರಕ್ಕೆ ಜಿಎಚ್ 6, ಪಿಎಚ್ 7.4. ಹಿಂದೆ ನಮ್ಮ ಕಡೆ ಸುಣ್ಣ ಸುಡುತ್ತಿದ್ದದ್ದೂ ಇದೇ ಚಿಪ್ಪಿನಿಂದ. ಸುಮಾ ಅಕ್ಕ, ನೀವೂ ಇದನ್ನೇ ಮಾಡಿ.

ಹುಬ್ಬಳ್ಳಿ_ಟ್ಯಾಂಕ್
ಚಿಪ್ಪಿಗಿಂತ ಹವಳದ ಚೂರು ಚಲೋ ರೀ. ಬೀಚಿನಾಗ ಸಿಗುತ್ತದೆ, ಕೆಲವು ಅಂಗಡಿಯವರೂ ಮಾರುತ್ತಾರೆ.

ಗಿಡಗಂಟಿ
ಹವಳ ಬೇಡ. ನಮ್ಮ ದೇಶದಲ್ಲಿ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಆರಿಸಿ ತರುವುದೂ ತಪ್ಪು, ಮಾರುವುದೂ ತಪ್ಪು. ಕೋಳಿ ಆಹಾರಕ್ಕೆ ಹಾಕುವ ಚಿಪ್ಪಿನ ನುಚ್ಚು ಕೆಜಿಗಟ್ಟಲೆ ಸಿಗುತ್ತದೆ, ಅದೇ ಕೆಲಸ ಮಾಡುತ್ತದೆ. ಯಾವ ಕಲ್ಲಿನಲ್ಲಿ ಸುಣ್ಣ ಇದೆ ಅಂತ ನೋಡಬೇಕಾದರೆ ಮೇಲೆ ವಿನೆಗರ್ ಎರಡು ಹನಿ ಬಿಡಿ. ಗುಳ್ಳೆ ಬಂದರೆ ಇದೆ.

ಹುಬ್ಬಳ್ಳಿ_ಟ್ಯಾಂಕ್
ಇದು ಗೊತ್ತಿರಲಿಲ್ಲ, ಮನೆಯಾಗ ಒಂದು ತುಂಡು ಇದೆ. ಇನ್ನು ಮುಂದೆ ತರುವುದಿಲ್ಲ.

ಲ್ಯಾಬ್_ಶಿವು
ಕುಡ್ಲದವರ ಉಪಾಯ ಅವರ ನೀರಿಗೆ ಸರಿ. ಸುಮಾ ಅವರ ನೀರಿಗೆ ಅಲ್ಲ. ಚಿಪ್ಪು ಕರಗುವುದು ಹುಳಿ ಗುಣದ ನೀರಿನಲ್ಲಿ. ಸಾಫ್ಟನರ್ ನೀರಿನಲ್ಲಿ ಬೈಕಾರ್ಬನೇಟ್ ತುಂಬಿಕೊಂಡಿದೆ, ಪಿಎಚ್ ಎಂಟರ ಆಸುಪಾಸು ಇರುತ್ತದೆ. ಅಲ್ಲಿ ಚಿಪ್ಪು ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಒಬ್ಬರ ಟ್ಯಾಂಕಿನ ಮದ್ದು ಇನ್ನೊಬ್ಬರ ಟ್ಯಾಂಕಿಗೆ ಯಾಕೆ ಹಿಡಿಯುವುದಿಲ್ಲ ಅಂದರೆ ಇದಕ್ಕೇ.

ಶಿರಸಿ_ಹೊಳೆ
ಅಡುಗೆ ಸೋಡಾ ಹಾಕಿದರೆ?

ಲ್ಯಾಬ್_ಶಿವು
ಸೋಡಾ ಏರಿಸುವುದು ಕೆಎಚ್ ಮಾತ್ರ. ಜಿಎಚ್ ಅಲ್ಲೇ ಇರುತ್ತದೆ. ಸುಮಾ ಅವರಿಗೆ ಕೆಎಚ್ ಮೊದಲೇ ಜಾಸ್ತಿ. ಎಪ್ಸಂ ಸಾಲ್ಟ್ ಹಾಕಿದರೆ ಜಿಎಚ್ ಏರುತ್ತದೆ, ಆದರೆ ಅದು ಬರೀ ಮೆಗ್ನೀಸಿಯಂ, ಕ್ಯಾಲ್ಸಿಯಂ ಬರಲಿಲ್ಲ. ಅಂಗಡಿಯಿಂದ ಏನೂ ತರುವುದು ಬೇಡ. ಸಾಫ್ಟನರ್ ದಾಟದ ನಲ್ಲಿ ಒಂದು ಹುಡುಕಿ. ಸಾಮಾನ್ಯವಾಗಿ ಗಿಡಕ್ಕೆ ನೀರು ಬಿಡುವ ನಲ್ಲಿ, ಕಾರು ತೊಳೆಯುವ ನಲ್ಲಿ ನೇರ ಬೋರ್‌ನಿಂದ ಬರುತ್ತದೆ. ಪ್ಲಂಬರ್ ಹತ್ತಿರ ಕೇಳಿದರೆ ಗೊತ್ತಾಗುತ್ತದೆ.

ಕೋಲಾರ_ಸಿಕ್ಲಿಡ್
ನಾನು ಆಫ್ರಿಕನ್ ಸಿಕ್ಲಿಡ್ ಇಟ್ಟಿದ್ದೇನೆ. ನಮ್ಮೂರಿನ ಬೋರ್ ನೀರು 1,000 ಅಡಿ ಆಳದ್ದು, ನೇರವಾಗಿ ಹಾಕುತ್ತೇನೆ. ಮಲಾವಿ ಸರೋವರದ ಮೀನಿಗೆ ಉಪ್ಪು ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. "ಸಿಕ್ಲಿಡ್ ಸಾಲ್ಟ್" ಅಂತ ಡಬ್ಬದಲ್ಲೇ ಬರುತ್ತದೆ. ಹಾಕಬೇಕಾ ಬೇಡವಾ?

ಗಿಡಗಂಟಿ
ಆ ಸಾಲ್ಟ್ ಅಡುಗೆ ಉಪ್ಪಲ್ಲ. ಆ ಸರೋವರಗಳ ನೀರಿನಲ್ಲಿರುವಂಥ ಖನಿಜಗಳ ಮಿಶ್ರಣ. ಮಲಾವಿ ಸಿಹಿನೀರಿನ ಸರೋವರ, ಸಮುದ್ರದ ಉಪ್ಪಿಲ್ಲ. ಪಿಎಚ್ ಮಾತ್ರ ಎಂಟರ ಆಸುಪಾಸು. ಟ್ಯಾಂಗನ್ಯೀಕಾ ಇನ್ನೂ ಮೇಲೆ, ಒಂಬತ್ತರ ಹತ್ತಿರ. ಕೋಲಾರದ ಬೋರ್ ನೀರಿಗೆ ನೀವು ಮತ್ತೇನು ಬೆರೆಸುವುದೂ ಬೇಕಿಲ್ಲ. ಡಬ್ಬದ ದುಡ್ಡು ಉಳಿಸಿ ಒಂದು ಒಳ್ಳೆ ಫಿಲ್ಟರ್ ತಗೊಳ್ಳಿ.

ಕೋಲಾರ_ಸಿಕ್ಲಿಡ್
ಎರಡು ಡಬ್ಬ ಮುಗಿಸಿದ್ದೇನೆ. ಥ್ಯಾಂಕ್ಸ್.

ಶಿರಸಿ_ಹೊಳೆ
ಇನ್ನೊಂದು ಕೇಳಬೇಕಿತ್ತು. ಅಯೋಡಿನ್ ಇರುವ ಪುಡಿ ಉಪ್ಪು ಹಾಕಿದರೆ ಮೀನು ಸಾಯುತ್ತದೆ, ಕಲ್ಲುಪ್ಪೇ ಹಾಕಬೇಕು ಅಂತಾರಲ್ಲ?

ಮೀನಿನ_ಮಾವ
ಹೌದು, ಅಯೋಡಿನ್ ವಿಷ. ನಾನು ಯಾವತ್ತೂ ಕಲ್ಲುಪ್ಪೇ.

ಲ್ಯಾಬ್_ಶಿವು
ಇದನ್ನು ಒಪ್ಪಲಾರೆ ಮಾವ. ಅಯೋಡಿನ್ ಉಪ್ಪಿನಲ್ಲಿ ಇರುವುದು ಹತ್ತು ಲಕ್ಷಕ್ಕೆ ಹದಿನೈದು ಇಪ್ಪತ್ತು ಭಾಗದಷ್ಟು. ಅಂಥ ಉಪ್ಪನ್ನು ಲೀಟರಿಗೆ ಒಂದು ಗ್ರಾಂ ಹಾಕಿದರೆ ನೀರಿನಲ್ಲಿ ಅಯೋಡಿನ್ ಎಷ್ಟು ಸೇರುತ್ತದೆ ನೋಡಿ. ಅದರಿಂದ ಮೀನು ಸಾಯುವುದಿಲ್ಲ. ಕಲ್ಲುಪ್ಪು ಹಾಕಿ, ತಪ್ಪಿಲ್ಲ, ಅಗ್ಗ ಕೂಡ. ಆದರೆ ರಾತ್ರಿ ಹೊತ್ತು ಮೀನಿಗೆ ಕಷ್ಟವಾಗಿ ಮನೆಯಲ್ಲಿ ಪುಡಿ ಉಪ್ಪು ಮಾತ್ರ ಇದ್ದರೆ ಹೆದರಿ ಕೂರಬೇಡಿ.

ಉಪ್ಪು ನಿಜವಾಗಿ ಬೇಕಾಗುವ ಸಂದರ್ಭ ಎರಡು ಮೂರು. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಏರಿದಾಗ ಸ್ವಲ್ಪ ಉಪ್ಪು ಜೀವ ಉಳಿಸುತ್ತದೆ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ನುಗ್ಗಿ ಉಸಿರು ಕಟ್ಟಿಸುತ್ತದೆ. ಉಪ್ಪಿನ ಕ್ಲೋರೈಡ್ ಅದೇ ದಾರಿಯಲ್ಲಿ ಅಡ್ಡ ನಿಲ್ಲುತ್ತದೆ. ಬಿಳಿ ಚುಕ್ಕಿ ರೋಗಕ್ಕೆ ಲೀಟರಿಗೆ 2ರಿಂದ 3 ಗ್ರಾಂ, ನೀರು ಸ್ವಲ್ಪ ಬೆಚ್ಚಗೆ, ಎರಡು ವಾರ. ಗಾಯವಾದ, ಸಾಗಣೆಯಲ್ಲಿ ದಣಿದ ಮೀನಿಗೆ ಸ್ವಲ್ಪ ದಿನ. ಕೆಲಸ ಮುಗಿದ ಮೇಲೆ ನೀರು ಬದಲಿಸಿ ತೆಗೆದುಬಿಡಬೇಕು. ಔಷಧಿಯನ್ನು ದಿನದ ಊಟ ಮಾಡಬಾರದು.

ಹುಬ್ಬಳ್ಳಿ_ಟ್ಯಾಂಕ್
ಗಡಸು ನೀರಿಗೆ ನಮ್ಮ ಕಡೆ ಸವಳ ನೀರು ಅಂತೀವ್ರಿ. ನಾನು ಡಿಸ್ಕಸ್ ಅನ್ನೋ ಮೆದು ನೀರಿನ ಮೀನು ಇಟ್ಟೀನಿ, ಅದಕ್ಕ ಆರ್‌ಒ ನೀರೇ ಹಾಕುವುದು. ಪೂರ್ತಿ ಆರ್‌ಒ ಹಾಕಿದಾಗ ಒಂದು ದಿನ ಪಿಎಚ್ ಧಡ್ ಅಂತ ಬಿತ್ತು, ಮೀನೆಲ್ಲ ಕಪ್ಪಾಗಿ ಮೂಲೆಯಾಗ ನಿಂತವು. ಈಗ ಮೂರು ಪಾಲು ಆರ್‌ಒ, ಒಂದು ಪಾಲು ನಲ್ಲಿ ನೀರು. ಆರಾಮ ಇದಾವ.

ಗಿಡಗಂಟಿ
ಸರಿಯಾಗಿ ಹೇಳಿದಿರಿ. ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಗಲೀಜನ್ನು ಕರಗಿಸುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳುವುದು ಕೆಎಚ್. ಆರ್‌ಒ ನೀರಿನಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಮೆದು ನೀರು ಬೇಕು ಅಂದ್ರೆ ಏನೂ ಇಲ್ಲದ ನೀರು ಬೇಕು ಅಂತಲ್ಲ.

ಲಂಡನ್_ಕನ್ನಡತಿ
ಹಾಗಾದರೆ ಗಪ್ಪಿ? ಊರಿನಲ್ಲಿ ಸೊಳ್ಳೆ ತಿನ್ನಲಿ ಅಂತ ಕೆರೆ, ತೊಟ್ಟಿ, ಮೋರಿಗೆಲ್ಲ ಬಿಡುತ್ತಿದ್ದರಲ್ಲ, ಅವು ಎಲ್ಲಾ ನೀರಿನಲ್ಲೂ ಬದುಕುತ್ತವೆ.

ಗಿಡಗಂಟಿ
ಅಲ್ಲಿ ತಲೆತಲಾಂತರದಿಂದ ಒಗ್ಗಿಕೊಂಡು ಉಳಿದ ಗಪ್ಪಿ ಬೇರೆ, ಅಂಗಡಿಯ ಉದ್ದ ಬಾಲದ ಗಪ್ಪಿ ಬೇರೆ. ಅಂಗಡಿಯದನ್ನು ಮೆದು ನೀರಿಗೆ ಬಿಟ್ಟರೆ ಅದೂ ಬಾಲ ಮುದುರಿಕೊಳ್ಳುತ್ತದೆ. ಹಾಗೇ, ಸಾಕಿದ ಮೀನನ್ನು ಕೆರೆಗೆ ಬಿಡುವುದು ಒಳ್ಳೆಯದಲ್ಲ. ನಮ್ಮ ಊರ ಮೀನುಗಳ ಜಾಗ ಅದು.

ಹೊಸಮನೆ_ಸುಮಾ
ಕಿಟ್ ಬಂತು! ಈಗಷ್ಟೇ ಅಡುಗೆಮನೆ ಕಟ್ಟೆ ಮೇಲೆ ಕೂತು ನೋಡಿದೆ. ಮಗಳು ಹನಿ ಎಣಿಸಿದಳು.

ಮನೆ ನಲ್ಲಿಯ ನೀರು 5 ಎಂಎಲ್ ತಗೊಂಡು ಜಿಎಚ್ ಮೊದಲ ಹನಿ ಬಿಟ್ಟ ತಕ್ಷಣ ಹಸಿರಾಯಿತು. ಕಿತ್ತಳೆ ಬಣ್ಣ ಬರಲೇ ಇಲ್ಲ. ಅಂದ್ರೆ 1 ಕೂಡ ಇಲ್ಲ ಅನ್ನಿ. ಕೆಎಚ್ 16 ಹನಿ. ಶಿವು ಅವರು ನೋಡದೆಯೇ ಹೇಳಿದ್ದು ಹಾಗೇ ಬಂತು.

ಆಮೇಲೆ ಪ್ಲಂಬರ್ ಹತ್ತಿರ ಕೇಳಿದೆ. ಬೇಸ್‌ಮೆಂಟಿನ ಗಿಡದ ನಲ್ಲಿ ನೇರ ಬೋರ್‌ನದ್ದಂತೆ. ಒಂದು ಬಾಟಲಿ ಹಿಡಿದು ತಂದೆ. ಕಿತ್ತಳೆ ಬಣ್ಣ ಹಾಗೇ ನಿಂತಿತ್ತು. ಹನಿ ಹಾಕುತ್ತಲೇ ಇದ್ದೆವು, ಹಾಕುತ್ತಲೇ ಇದ್ದೆವು. 24ನೇ ಹನಿಗೆ ಹಸಿರಾಯಿತು. ಮಗಳಿಗೆ ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಮಾಡಿಸಿದಳು, ಮತ್ತೆ 24. ಆ ನೀರಿನ ಟಿಡಿಎಸ್ 780. ಮನೆ ನಲ್ಲಿಯದು 790! ಮೀಟರ್ ನಂಬಿ ಎರಡು ತಿಂಗಳು ಕಳೆದೆನಲ್ಲ ಅಂತ ಅಳು ಬಂತು.

ಈಗ ಹೇಗೆ ಬದಲಿಸಲಿ? ಒಂದೇ ಸಲ ಪೂರ್ತಿ ತೆಗೆದುಬಿಡಲಾ?

ಲ್ಯಾಬ್_ಶಿವು
ಖಂಡಿತ ಬೇಡ. ಮೀನು ಈಗ ಆ ಉಪ್ಪಿಗೂ ಒಗ್ಗಿದೆ. ಒಮ್ಮೆಲೇ ಬದಲಿಸಿದರೆ ಅದೇ ಹೊಡೆತ. 10 ಲೀಟರ್ ತೆಗೆದು 10 ಲೀಟರ್ ಗಿಡದ ನಲ್ಲಿಯ ನೀರು ಹಾಕಿ. ಮೂರು ದಿನ ಬಿಟ್ಟು ಮತ್ತೆ. ಮೊದಲ ಸಲಕ್ಕೆ ಜಿಎಚ್ ಐದೂವರೆ ಆಗುತ್ತದೆ, ಎರಡನೇ ಸಲಕ್ಕೆ 9, ಮೂರನೇ ಸಲಕ್ಕೆ 12. ಅಲ್ಲಿಗೆ ನಿಲ್ಲಿಸಿ. ಆಮೇಲೆ ಯಾವಾಗ ಬದಲಿಸಿದರೂ ಎರಡೂ ನಲ್ಲಿಯ ನೀರು ಅರ್ಧ ಅರ್ಧ. ಉಪ್ಪು ತಾನಾಗೇ ಇಳಿಯುತ್ತಾ ಹೋಗುತ್ತದೆ. ಹೊಸದಾಗಿ ಹಾಕಬೇಡಿ.

ಜಿಎಚ್ ಒಂದು ಡಿಗ್ರಿ ಅಂದ್ರೆ ಸುಮಾರು 17.8 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ನಿಮ್ಮ ಬೋರ್ ನೀರು 427 ಆಯಿತು. ಕುಡಿಯುವ ನೀರಿನ ನಮ್ಮ ದೇಶದ ಮಾನಕದಲ್ಲಿ ಗಡಸು 200 ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರ ತನಕ ಒಪ್ಪಬಹುದು ಅಂತಿದೆ. ಹಾಗಾಗಿ ಸಾಫ್ಟನರ್ ಹಾಕಿಸಿದವರದ್ದು ತಪ್ಪಲ್ಲ. ನಲ್ಲಿ, ಗೀಸರ್, ವಾಷಿಂಗ್ ಮೆಷಿನ್ ಉಳಿಯುತ್ತವೆ. ಮೀನಿಗೆ ಮಾತ್ರ ಆಗಿಬರಲಿಲ್ಲ.

ಕುಡ್ಲದ_ಹುಡುಗ
ಕೋರಿಗಳನ್ನು ಎಂತ ಮಾಡಿದಿರಿ?

ಹೊಸಮನೆ_ಸುಮಾ
ಬೇರೆ ಟಬ್ಬಿಗೆ ಹಾಕಿದ್ದೇನೆ. ಟ್ಯಾಂಕಿನ ನೀರನ್ನೇ ತುಂಬಿ, ದಿನಾ ಎರಡು ಮಗ್ ತೆಗೆದು ಎರಡು ಮಗ್ ಮನೆ ನೀರು. ಸ್ಪಂಜ್ ಫಿಲ್ಟರ್ ಇದೆ. ನಿನ್ನೆಯಿಂದ ನೆಲ ಕೆದಕಲು ಶುರು ಮಾಡಿವೆ.

ಮೀನಿನ_ಮಾವ
ನನ್ನ ಕಿಟ್ ಕೂಡ ಬಂತು. ಜಯನಗರದ ಕಾವೇರಿ ನೀರು ನಮ್ಮ ಮನೆಯಲ್ಲಿ 6 ಹನಿ. ನನ್ನ ಮೋಲಿ ಟ್ಯಾಂಕಿಗೆ ಚಿಪ್ಪಿನ ನುಚ್ಚು ಒಂದು ಹಿಡಿ ಹಾಕಿದ್ದೇನೆ. ಉಪ್ಪು ಅರ್ಧಕ್ಕೆ ಇಳಿಸಿದ್ದೇನೆ. ಪೂರ್ತಿ ನಿಲ್ಲಿಸಲು ಇನ್ನೂ ಧೈರ್ಯ ಇಲ್ಲ, ನೋಡಿಕೊಂಡು ಹೇಳುತ್ತೇನೆ.

ಗಿಡಗಂಟಿ
ನಿಧಾನವಾಗಿ ಮಾಡಿ ಮಾವ, ಅವಸರ ಏನಿಲ್ಲ.

ಹೊಸಮನೆ_ಸುಮಾ
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. 6 ಸಲ ನೀರು ಬದಲಿಸಿದೆ. ಟ್ಯಾಂಕ್ ಜಿಎಚ್ 12, ಟಿಡಿಎಸ್ 1,200ಕ್ಕೆ ಇಳಿದಿದೆ. ಮಧ್ಯದಲ್ಲಿ ಇನ್ನೊಂದು ಮೋಲಿ ಹೋಯಿತು, ಅದು ಮೊದಲೇ ತುಂಬಾ ಸೋತಿತ್ತು. ಉಳಿದ 4 ಚೆನ್ನಾಗಿವೆ. ಎರಡನೇ ಸಲ ನೀರು ಬದಲಿಸಿದ ಮಾರನೇ ದಿನ ಬೆಳಿಗ್ಗೆ ಲೈಟ್ ಹಾಕಿದಾಗ ದೊಡ್ಡ ಹೆಣ್ಣು ಮೀನು ಟ್ಯಾಂಕಿನ ಈ ಕೊನೆಯಿಂದ ಆ ಕೊನೆಗೆ ಈಜಿತು. ಬಾಲ ಬೀಸಣಿಗೆ ಥರ ಬಿಚ್ಚಿತ್ತು. ನಿಂತು ನೋಡಿದೆ, ಹಾಲು ಉಕ್ಕಿ ಹೋಯಿತು.

ನಿನ್ನೆ ಗಾಜಿನ ಮೇಲಿನ ಪಾಚಿಯನ್ನು ನಾಲ್ಕೂ ಸೇರಿ ಕೆರೆದು ತಿನ್ನುತ್ತಿದ್ದವು. ಅಂಗಡಿಯವರಿಗೂ ಹೋಗಿ ಎರಡು ಬಾಟಲಿ ನೀರು, ಕಿಟ್ ತೋರಿಸಿ ಬಂದೆ. ಕೋಪ ಮಾಡಿಕೊಳ್ಳಲಿಲ್ಲ, ಸಾಫ್ಟನರ್ ಇರುವ ಮನೆಯವರು ಬಹಳ ಜನ ಇದೇ ದೂರು ಹೇಳುತ್ತಾರೆ ಅಂದರು.

ಶಿರಸಿ_ಹೊಳೆ
ಖುಷಿಯಾಯಿತು. ಕೋರಿಗಳನ್ನು ಮತ್ತೆ ಅದೇ ಟ್ಯಾಂಕಿಗೆ ಬಿಡಬಹುದಾ ಶಿವು ಸರ್? ನನ್ನ ಹತ್ತಿರವೂ ಇದೇ ಜೋಡಿ ಇದೆ.

ಲ್ಯಾಬ್_ಶಿವು
ಸುಮಾ ಅವರು ಟಿಡಿಎಸ್ 800ರ ಹತ್ತಿರ ಬರುವ ತನಕ ಕಾಯಲಿ, ಅಂದ್ರೆ ಉಪ್ಪು ಪೂರ್ತಿ ಹೋಗಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೋರಿ ಜಿಎಚ್ 12 ತಡೆದುಕೊಳ್ಳುತ್ತದೆ. ಮರಿ ಮಾಡಿಸಬೇಕು ಅಂದ್ರೆ ಮೆದು ನೀರಿನ ಬೇರೆ ಟ್ಯಾಂಕ್ ಬೇಕು. ನಿಮ್ಮ ಶಿರಸಿ ನೀರು ಎಷ್ಟು ಹನಿ?

ಶಿರಸಿ_ಹೊಳೆ
ನಮ್ಮದು ಗುಡ್ಡದ ಅಬ್ಬಿ ನೀರು. ಮೂರು ಹನಿ.

ಲ್ಯಾಬ್_ಶಿವು
ಹಾಗಾದರೆ ನಿಮ್ಮಲ್ಲಿ ಕೋರಿ ಇರಲಿ. ಮೋಲಿಯನ್ನು ಬೇರೆ ಟ್ಯಾಂಕಿಗೆ ಹಾಕಿ ಅಲ್ಲಿ ಕುಡ್ಲದವರ ಚಿಪ್ಪಿನ ಚೀಲ ಕಟ್ಟಿ. ನಿಮ್ಮ ನೀರಿನಲ್ಲಿ ಅದು ಕರಗುತ್ತದೆ.